ಗುಡ್ಡಪ್ಪನ ಪಾಲು

ಶ್ರಾವಣ ಮುಗಿಯುತ್ತ ಬಂದಾಗ ಒಂದು ಸಂಜೆ ಬೀರಪ್ಪ ಮಗ್ಗದ ಮೇಲಿದ್ದ ಹಾಸನ್ನು ಕತ್ತರಿಸಿಬಿಟ್ಟ. ಕುಡಿದಿದ್ದ. ಎಳೆಯೊಂದು ಹರಿದು ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದ ಬೆರಳುಗಳು ಅವನ ಮಾತು ಕೇಳಲಿಲ್ಲ. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಗೋಡೆಯ ಗೂಟದ ಮೇಲೆ ಕೈಗೆಟಕುವಂತಿತ್ತು. ಒಂದು ಎಳೆಗೆಂದು ಹಾಕಿದ ಕತ್ತರಿ ಕೊನೆಯ ಎಳೆಯವರೆಗೂ ನಿಲ್ಲಲಿಲ್ಲ. ಆಮೇಲೆ ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದ.

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು. ಮಾಸೂರಿನ ಕುರುಬರ ಓಣಿಯಲ್ಲಿ ಅದು ಒಬ್ಬರ ಕೆಲಸವಲ್ಲ. ಉಣ್ಣೆಯನ್ನು ಕೆರೆಯ ಕಾಲುವೆಯಲ್ಲಿ ತೊಳೆದು, ಒಣಗಿಸಿ, ಹಿಂಜಿ, ರಾಟಿಯ ಮೇಲೆ ನೂತು, ಓಣಿಯುದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು, ಬಿಸಿಲು ಬಿದ್ದ ಮೇಲೆ ಒಣಗಿಸಿ ಮಗ್ಗಕ್ಕೆ ತರಬೇಕು. ಬೇಸಿಗೆಯಿಂದ ಮಳೆಗಾಲದ ನಡುವಿನವರೆಗೆ ಅವನ ತಾಯಿ ಯಂಕವ್ವ, ಹೆಂಡತಿ ಕರೆವ್ವ ಇಬ್ಬರೂ ಕೂತು ನೂತದ್ದು ಅದು.

ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಕರೆವ್ವ ಕಸಬರಿಗೆ ಹಿಡಿದು ತುಂಡು ನೂಲನ್ನು ಗುಡ್ಡೆ ಹಾಕುತ್ತಿದ್ದಳು.

"ಯಾರ ಮಾಡಿದ್ರಿದನ್ನ?" ಎಂದ ಬೀರಪ್ಪ.

"ಬೆಕ್ಕ ಮಾಡ್ತು," ಎಂದಳು ಕರೆವ್ವ, ಬಗ್ಗಿದ ತಲೆ ಎತ್ತದೆ. "ಕತ್ತರಿ ಹಿಡ್ಯಾಕ ಬರೂ ಬೆಕ್ಕು."

ಯಂಕವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳ ಗಂಡ ಗುಡ್ಡಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಭಾದ್ರಪದ ಮುಗಿಯುವ ಮಾನಮಿ ಅಮಾವಾಸ್ಯೆಯಂದು ತೀರಿಕೊಂಡ ಹಿರಿಯರಿಗೆ ಎಡೆ ಇಡುವುದು ಓಣಿಯ ರೂಢಿ. ಖಾಲಿ ಮಗ್ಗದ ಕಡೆ ಕೈ ಮಾಡಿ, "ಆ ಕಂಬಳಿ ಯಾತಕ್ಕಿತ್ತು ನೆಪ್ಪೈತೇನು?" ಎಂದಳು. "ಮಾನಮಿ ಅಮಾಸಿಗೆ ನಿಮ್ಮಪ್ಪಗ ಮೊದಲ್ನೇ ಎಡಿ. ಹಿರೇಮಗ ನೇದ ಕಂಬಳಿ ಮ್ಯಾಲ ಅವನ ಗದ್ದಿಗಿ ಆಗಬೇಕು. ಈಗ ಯಾರ್ದ ಮ್ಯಾಲ ಕುಂಡ್ರಸ್ಲಿ, ನನ್ನ ಸೀರಿ ಮ್ಯಾಲ?"

ಬೀರಪ್ಪ ತುಂಡು ನೂಲಿನ ಗುಡ್ಡೆಯನ್ನು ನೋಡಿದ. ಬೆರಳಲ್ಲಿ ಒಂದಿಷ್ಟು ಎತ್ತಿಕೊಂಡ.

"ಬಿಡ್ತೇನಿ," ಎಂದ.

ಅವನ ತಮ್ಮ ಗುದ್ಲೆಪ್ಪ ಕುರಿ ಹೊಡೆದುಕೊಂಡು ಹೋಗಲು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದವನು ಬಾಗಿಲಲ್ಲೇ ನಿಂತು ನಕ್ಕ. "ಹ್ವಾದ ವರ್ಷ ಉಗಾದಿಗೆ ಬಿಟ್ಟಿದ್ದಿ. ಅಪ್ಪನ್ನ ಮಣ್ಣಿಗಿಟ್ಟ ದಿನ ಬಿಟ್ಟಿದ್ದಿ. ಬಿಟ್ಟು ಬಿಟ್ಟು ನಿನಗ ಚಲೋ ರೂಢಿ ಆಗೇತಿ ಬಿಡಣ್ಣಾ."

"ನಾನೂ ಬಿಟ್ಟೆ," ಎಂದಳು ಕರೆವ್ವ. ತನ್ನ ರಾಟಿಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. "ನೂಲೂದು ಬಿಟ್ಟೆ. ಇದನ್ನ ಅಟ್ಟದ ಮ್ಯಾಲ ಇಡ್ತೇನಿ. ನೀವು ಖರೇನ ಬಿಟ್ಟದ್ದು ನನ್ನ ಕಣ್ಣೀಲೆ ಕಾಣೂತನಕ ಕೆಳಗ ಇಳಸಂಗಿಲ್ಲ. ಹೊಳೆವ್ವಾ, ಏಣಿ ಹಿಡಿ."

ಹೊಳೆವ್ವ ಅವರ ಒಬ್ಬಳೇ ಮಗಳು, ಸೀರೆ ಉಡುವ ವಯಸ್ಸಿಗೆ ಇನ್ನೂ ಬಂದಿರಲಿಲ್ಲ. ಅವಳು ಅಪ್ಪನ ಮುಖ ನೋಡದೆ ಏಣಿ ಹಿಡಿದಳು.

*

ಊರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಮುಂಬಯಿ ಸರಕಾರ ಹೋಗಿದ್ದರೂ ಅದು ತಂದ ದಾರೂಬಂದಿ ಕಾಯಿದೆ ಹೋಗಿರಲಿಲ್ಲ. ಅಂಗಡಿಯಲ್ಲಿ ಶೆರೆ ಸಿಗುತ್ತಿರಲಿಲ್ಲ. ಕೆರೆಯಾಚೆಯ ಜಾಲಿಯ ಮೆಳೆಯಲ್ಲಿ ಕಾಸಿದ್ದು ಸಿಗುತ್ತಿತ್ತು. ಬೆಲ್ಲದ ಕೊಳೆತ ರಾಡಿ, ಜಾಲಿಯ ಚಕ್ಕೆ, ಬೇರೆ ಏನೇನು ಬೀಳುತ್ತಿತ್ತೋ ಕಾಸುವವನಿಗೇ ಗೊತ್ತು. ಗುಡ್ಡಪ್ಪ ಅದನ್ನು ಕುಡಿಯುತ್ತಿದ್ದ. ಸಂತೆಯಲ್ಲಿ ಕಂಬಳಿ ಮಾರಿ ಬಂದ ದಿನ ಮಗನಿಗೂ ಕುಡಿಸುತ್ತಿದ್ದ. ಸಂತೆಯ ದಿನದ್ದು ಎಲ್ಲ ದಿನದ್ದೂ ಆದದ್ದು ಯಾವಾಗ ಎಂದು ಬೀರಪ್ಪನಿಗೂ ಹೇಳಲು ಬರುತ್ತಿರಲಿಲ್ಲ.

ಬಿಟ್ಟ ಮರುದಿನ ಬೆವರು ಬಂತು. ಸೋಗೆ ಮಾಡಿನಿಂದ ನೀರು ತೊಟ್ಟಿಕ್ಕುವ ತಂಪಿನಲ್ಲೂ ಅವನ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ನೀರಿನ ತಂಬಿಗೆ ಎತ್ತಿದರೆ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಯಂಕವ್ವ ನುಚ್ಚಿನ ಗಂಜಿ ಮಾಡಿಕೊಟ್ಟಳು, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೊಳೆವ್ವ ಬಟ್ಟಲನ್ನು ಅವನ ಬಾಯಿಗೆ ಹಿಡಿದಳು, ಹಲ್ಲು ಬಟ್ಟಲಿಗೆ ತಾಗಿ ಕಟಕಟ ಎಂದಿತು. ಅವನು ಮುಖ ಆಚೆ ತಿರುಗಿಸಿದ.

ಅದರ ಮರುದಿನ ಅವನು ಗೋಡೆಯ ಮೇಲೆ ಕೈ ಆಡಿಸತೊಡಗಿದ.

"ಏನ ಮಾಡಾಕತ್ತೀಯೋ ಬೀರ್ಯಾ?"

"ಇರಿವಿ, ಅವ್ವಾ. ಎಷ್ಟಂತ ಒರಸ್ಲಿ."

ಗೋಡೆಯ ಮೇಲೆ ಇರುವೆ ಇರಲಿಲ್ಲ. ಯಂಕವ್ವ ಅವನ ತಲೆಯ ಸುತ್ತ ಮೆಣಸಿನಕಾಯಿ ನಿವಾಳಿಸಲು ಎದ್ದಳು. ಕರೆವ್ವ ಅವಳ ಕೈ ಹಿಡಿದಳು. "ಅದು ಬ್ಯಾಡ್ರಿ ಅತ್ತಿ. ಮೈದುನನ್ನ ಕರೀರಿ. ಚಕ್ಕಡಿ ಹೂಡ್ಲಿ."

ಹಿರೇಕೆರೂರಿನ ಡಾಕ್ಟರ್ ಪ್ರಾಣೇಶರಾಯರು ಬೀರಪ್ಪನಿಗೆ ಕೈಯನ್ನು ತಮ್ಮ ಮೇಜಿನ ಮೇಲೆ ಚಾಚಲು ಹೇಳಿ, ಬೆರಳ ಮೇಲೆ ಒಂದು ಕಾಗದ ಇಟ್ಟು ನೋಡಿದರು. ಕಾಗದ ಎಲೆಯ ಹಾಗೆ ಅಲುಗಿತು.

"ಒಮ್ಮೆಲೇ ಬಿಟ್ಟಿಯೇನಪಾ? ಗೋಡಿ ಮ್ಯಾಲ ಏನರೆ ಕಾಣ್ತದೇನು?"

"ಇರಿವಿ ರೀ."

"ಇಲ್ಲೂ ಅವ ಏನು?"

"ನಿಮ್ಮ ಅಂಗಿ ಮ್ಯಾಲೂ ಅದಾವ್ರಿ."

ಡಾಕ್ಟರರು ತಮಗೆ ತಿಳಿಯದೆಯೇ ಅಂಗಿ ಕೊಡವಿಕೊಂಡರು. ಆಮೇಲೆ ಗುದ್ಲೆಪ್ಪನ ಕಡೆ ತಿರುಗಿ, "ಇದು ದೆವ್ವ ಅಲ್ಲ, ಹುಚ್ಚೂ ಅಲ್ಲ," ಎಂದರು. "ಇಷ್ಟು ವರ್ಷ ವಿಷ ಹೊಂದಿಸಿಕೊಂಡ ಮೈ ಈಗ ಅದಿಲ್ಲದ ಹೊಂದಿಕೊಳ್ಳಲಿಕ್ಕೆ ಹತ್ಯದ. ಇಂಥಾದರಾಗ ಮಂದಿ ಸತ್ತದ್ದೂ ಅದ, ಹಿಂಗಾಗಿ ಇಲ್ಲೇ ಕಣ್ಣ ಮುಂದ ಇಟಗೋತೇನಿ. ಫಿಟ್ಸು ಬರದ ದಾಟಿದ್ರ ಮನಿಗೆ ಕಳಸ್ತೇನಿ. ಆಮ್ಯಾಲ ಉಣ್ಣಲಿ, ಮಲಗಲಿ, ಬೆಲ್ಲದ ನೀರು ಕುಡೀಲಿ. ಮುಂದಿಂದು ಔಷಧದ ಕೈಯಾಗಿಲ್ಲ, ನಿಮ್ಮ ಮನಿಯವರ ಕೈಯಾಗದ."

ಅವನು ದಾಟಿದ. ಮೈಯೊಳಗಿನ ಅರ್ಧ ಮಾಂಸ ಬಿಟ್ಟು ಬಂದವನ ಹಾಗೆ ಚಕ್ಕಡಿಯಿಂದ ಇಳಿದ. ಕೈಯಲ್ಲಿ ಕೆಂಪು ಔಷಧದ ಸೀಸೆ ಇತ್ತು. ಎದುರುಮನೆಯ ಕಟ್ಟೆಯ ಮೇಲೆ ಅವನ ಕಾಕಾ ಫಕ್ಕೀರಪ್ಪ, ಗುಡ್ಡಪ್ಪನ ಬೆನ್ನಿಗೆ ಬಿದ್ದ ತಮ್ಮ, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ.

"ಬಾಟ್ಲಿ ಬಿಡಾಕ ಹ್ವಾದಂವ ಬಾಟ್ಲಿ ಹಿಡಕೊಂಡ ಬಂದ್ನಲ್ಲೋ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಓಣಿ ನಕ್ಕಿತು. ಕರೆವ್ವ ಸೀಸೆಯನ್ನು ಗಂಡನ ಕೈಯಿಂದ ತೆಗೆದುಕೊಂಡು ಎತ್ತಿ ತೋರಿಸಿದಳು. "ನಿಮಗೂ ಒಂದ ಚಮಚ ಹಾಕ್ಲೇನ್ರಿ ಮಾವಾ? ಬಾಯಿ ಕಹಿ ಆದ್ರ ಮಾತ ಕಡಿಮಿ ಆಗ್ತಾವಂತ."

*

ಬಂದ ಮೇಲೆ ಅವನಿಗೆ ಹಸಿವೆ ಶುರುವಾಯಿತು. ಅದರಲ್ಲೂ ಸಿಹಿಯ ಹಸಿವೆ. ರೊಟ್ಟಿ ಮುರಿದು ಪುಂಡಿ ಪಲ್ಯಕ್ಕೆ ಅದ್ದುವವನು ಅರ್ಧಕ್ಕೇ ಕೈ ಬಿಟ್ಟು ಬೆಲ್ಲ ಕೇಳುತ್ತಿದ್ದ. ಗಡಿಗೆಯ ಬೆಲ್ಲ ಬೇಗ ತಳ ಕಂಡಿತು. ಗುದ್ಲೆಪ್ಪ ಬರೀ ಖಾರದಲ್ಲಿ ರೊಟ್ಟಿ ತಿನ್ನುತ್ತ ಗೊಣಗಿದ: "ಮೊದಲು ಬೆಲ್ಲದ ರಾಡಿ ಕುಡೀತಿದ್ದ, ಈಗ ಬೆಲ್ಲಾನ ತಿನ್ನಾಕತ್ತಾನ."

"ತಿನ್ಲಿ," ಎಂದಳು ಯಂಕವ್ವ. "ತಿಂದಿದ್ದು ಮನ್ಯಾಗ ಉಳೀತೈತಿ."

ಹಗಲು ಹೇಗೋ ಸಾಗುತ್ತಿತ್ತು. ದೀಪ ಹಚ್ಚುವ ಹೊತ್ತು ಕೆಟ್ಟದ್ದು. ಕುರಿ ಮನೆಗೆ ಬರುವಾಗ, ಒಲೆಯ ಹೊಗೆ ಓಣಿಯಲ್ಲಿ ಕೆಳಗೇ ನಿಲ್ಲುವಾಗ, ಅವನು ಎದ್ದು ನಿಲ್ಲುತ್ತಿದ್ದ. ಬಾಗಿಲಿಗೆ ಹೋಗುತ್ತಿದ್ದ. ಹಿಂದೆ ಬರುತ್ತಿದ್ದ. ಮೂಲೆಯಲ್ಲಿ ಇಲ್ಲದ ಕೆಲಸ ಹುಡುಕುತ್ತಿದ್ದ.

"ಎಲ್ಲಿಗೆ?" ಎನ್ನುತ್ತಿದ್ದಳು ಕರೆವ್ವ.

"ಎಲ್ಲಿಗೂ ಇಲ್ಲ. ಕಾಲು ತಾವ ಏಳ್ತಾವ."

ಕರೆವ್ವ ಎರಡು ಸಂಜೆ ಇದನ್ನು ನೋಡಿದಳು. ಮೂರನೆಯ ಸಂಜೆ ಹುಣಸೆ ಬೀಜದ ಚೀಲವನ್ನು ಎಳೆದು ತಂದು ಒರಳಿನ ಪಕ್ಕ ಇಟ್ಟಳು. ಒನಕೆ ಅವನ ಕೈಗೆ ಕೊಟ್ಟಳು. ಗಂಜಿಗೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು ಕುಟ್ಟುವುದು ಹೆಂಗಸರ ಕೆಲಸ.

"ನಾ ಕುಟ್ಟಲೇನು?"

"ಹಾಂ. ಕುಟ್ರಿ. ಕುರಿ ಒಳಗ ಬಂದಾಗಿಂದ ನಾವು ಊಟಕ್ಕ ಕರಿಯೂತನಕ."

"ಮಂದಿ ನಗ್ತಾರ."

"ನೀವು ಗಟಾರದಾಗ ಬಿದ್ದಾಗೂ ನಕ್ಕಾರ. ಇದಕ್ಕ ನಕ್ಕರ ಗಂಜಿ ಆದ್ರೂ ಆಗ್ತೈತಿ."

ಅಂದಿನಿಂದ ಸಂಜೆಯಾದರೆ ಗುಡ್ಡಪ್ಪನ ಮನೆಯಿಂದ ಒನಕೆಯ ಸದ್ದು ಕೇಳತೊಡಗಿತು. ನೆನೆದ ಬೀಜ ಗಟ್ಟಿ, ಜಾರುತ್ತದೆ. ಕಣ್ಣು ಅಲ್ಲೇ ಇರಬೇಕು, ಇಲ್ಲವಾದರೆ ಒನಕೆ ಕಾಲಿಗೆ ಬೀಳುತ್ತದೆ. ಒಂದೊಂದು ಸಂಜೆ ಅವನು ಹಲ್ಲು ಕಚ್ಚಿ ಎಷ್ಟು ಜೋರಾಗಿ ಕುಟ್ಟುತ್ತಿದ್ದನೆಂದರೆ ಗೂಡಿನ ದೀಪ ಅಲುಗುತ್ತಿತ್ತು. ಓಣಿಯವರು, "ಬೀರಪ್ಪಗ ಬ್ಯಾನಿ ಸುರು ಆದ್ವು ನೋಡ್ರಿ," ಎನ್ನುತ್ತಿದ್ದರು. ಒಂದು ಕಂಬಳಿಗೆ ಬೇಕಾದ ಹಿಟ್ಟು ಮುಗಿದು, ಅಕ್ಕಪಕ್ಕದ ಮಗ್ಗಗಳಿಗೂ ಆಗುವಷ್ಟಾಯಿತು. ನಕ್ಕ ಮನೆಗಳವರೇ ಬಟ್ಟಲು ಹಿಡಿದು ಬಂದರು.

"ಸುಮ್ನ ಕೊಡಬ್ಯಾಡ," ಎಂದು ಯಂಕವ್ವ ಸೊಸೆಗೆ ಹೇಳಿದಳು. "ಉಣ್ಣಿನೋ ನೂಲೋ ತರಾಕ ಹೇಳು. ಹಾಸು ಕಡದೈತಿ, ಮನ್ಯಾಗ ನೂಲಿಲ್ಲ."

ಹೀಗೆ ಉಣ್ಣೆ ಬಂತು, ಒಂದಿಷ್ಟು ನೂತ ನೂಲೂ ಬಂತು. ಯಂಕವ್ವ ಒಬ್ಬಳೇ ರಾಟಿ ತಿರುಗಿಸುತ್ತಿದ್ದಳು. ಅವಳ ಕಣ್ಣು ಮಂಜು, ಎಳೆ ದಪ್ಪ ಬರುತ್ತಿತ್ತು, ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಕರೆವ್ವ ಯಾರಿಗೂ ಏನೂ ಹೇಳದೆ ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ರಾಟಿಯನ್ನು ಇಳಿಸಿ, ಜೇಡರಬಲೆ ಒರೆಸಿ, ಅತ್ತೆಯ ಎದುರಿಗೆ ಕೂತಳು.

"ಖರೇ ಕಾಣ್ತೇನು?" ಎಂದಳು ಯಂಕವ್ವ.

"ಅರ್ಧ ಕಂಡೈತಿ," ಎಂದಳು ಕರೆವ್ವ. "ಉಳದರ್ಧ ನೂಲಕೋತ ನೋಡ್ತೇನಿ."

*

ಭಾದ್ರಪದದ ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಓಣಿಯಲ್ಲಿ ಹೊಸ ಹಾಸು ಎಳೆದು ಕಟ್ಟಿದರು. ಬೀರಪ್ಪ ಒಂದು ಕಡೆ, ಗುದ್ಲೆಪ್ಪ ಇನ್ನೊಂದು ಕಡೆ ನಿಂತು ಕುಂಚದಿಂದ ಗಂಜಿ ಬಳಿದರು. ಕೆರೆಯ ಕಡೆ ಹೊರಟಿದ್ದ ಹಳೆಯ ಜೊತೆಗಾರನೊಬ್ಬ ಹಾಸಿನ ಪಕ್ಕ ನಿಂತ.

"ಕಾಣವಲ್ಲಿ ಬೀರಪ್ಪಾ. ಇವತ್ತ ಹೊಸಾದು ಇಳಸ್ತಾರ. ಬರ್ತೀಯೇನು?"

ಬೀರಪ್ಪನ ಕುಂಚ ನಿಂತಿತು. ಗಂಜಿ ತೊಟ್ಟಿಕ್ಕಿತು. ಆಚೆಯ ತುದಿಯಲ್ಲಿ ಗುದ್ಲೆಪ್ಪನೂ ನಿಂತ. ಈ ಸಲ ಅವನು ನಗಲಿಲ್ಲ.

"ಗಂಜಿ ಒಣಗ್ತೈತಿ," ಎಂದ ಬೀರಪ್ಪ.

"ಒಣಗಿದ ಮ್ಯಾಲ ಬಾ."

"ಒಣಗಿದ ಮ್ಯಾಲ ಮಗ್ಗ ಐತಿ. ಮಗ್ಗ ಆದ ಮ್ಯಾಲ ಒನಕಿ ಐತಿ. ನೀ ಹೋಗು."

ಮಗ್ಗಕ್ಕೆ ಹಾಸು ಏರಿತು. ಲಾಳಿ ಎಸೆಯುವುದಕ್ಕೆ ನಡುಗುವ ಕೈಯೂ ನಡೆಯುತ್ತದೆ. ಎಳೆ ಹರಿದಾಗ ಗಂಟು ಹಾಕುವುದಕ್ಕೆ ನಡೆಯುವುದಿಲ್ಲ. ಉಣ್ಣೆಯ ಎರಡು ತುದಿಗಳನ್ನು ಉಗುರಿನ ಮೇಲೆ ಹೊಸೆದು ಗಂಟು ಸಣ್ಣದು ಮಾಡಬೇಕು, ಇಲ್ಲದಿದ್ದರೆ ಅದು ಹಣಿಗೆಯಲ್ಲಿ ಸಿಕ್ಕಿ ಮತ್ತೆ ಹರಿಯುತ್ತದೆ. ಮೊದಲ ದಿನಗಳಲ್ಲಿ ಅವನು, "ಹೊಳೆವ್ವಾ," ಎಂದು ಕರೆಯುತ್ತಿದ್ದ. ಅವಳು ಬಂದು ಗಂಟು ಹಾಕುತ್ತಿದ್ದಳು. ಆ ಹೊತ್ತು ಅವನು ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದ.

"ಕತ್ತರಿ ಎಲ್ಲೈತಿ ಮಗಳ?" ಎಂದು ಒಮ್ಮೆ ಕೇಳಿದ.

"ಅವ್ವ ಮುಚ್ಚಿಟ್ಟಾಳ."

"ಚಲೋ ಮಾಡ್ಯಾಳ. ನನಗ ಹೇಳಬ್ಯಾಡ."

"ನನಗ ಗೊತ್ತಿದ್ರಲ್ಲ ಹೇಳೂದು," ಎಂದು ನಕ್ಕಳು ಹೊಳೆವ್ವ. ಹಾಸು ಕತ್ತರಿಸಿದ ದಿನದಿಂದ ಅವಳು ಅವನ ಮುಂದೆ ನಕ್ಕದ್ದು ಅದೇ ಮೊದಲು.

*

ಅಮಾವಾಸ್ಯೆಗೆ ಕೆಲವು ದಿನ ಉಳಿದಿದ್ದಾಗ ಕರೆವ್ವ ಹಿಂಜಿದ ಉಣ್ಣೆ ತೆಗೆಯಲು ಬುಟ್ಟಿಗೆ ಕೈ ಹಾಕಿದಳು. ಕೈಗೆ ಸೀಸೆ ತಾಗಿತು. ಕಟ್ಟಿದ ಬಟ್ಟೆ ಬಿಚ್ಚಿ ಮೂಸಿ ನೋಡಿದಳು. ಅವಳು ಹಿಡಿದು ಬಂದದ್ದು ಮಗ್ಗದ ಕಡೆಗೆ ಅಲ್ಲ, ಒಲೆಯ ಕಡೆಗೆ.

"ಇದು ಯಾರ್ದು?"

ಯಂಕವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದು ನಿಲ್ಲಿಸಲಿಲ್ಲ. "ನಿಮ್ಮ ಮಾವಂದು."

"ಸತ್ತವರದ್ದು?"

"ಸತ್ತವರದ್ದ. ಎಡಿಗೆ. ಫಕ್ಕೀರಪ್ಪನ ಕೈಲೆ ತರಸೇನಿ. ಹಿರ್ಯಾರ ಎಡ್ಯಾಗ ಅವರು ಉಂಡಿದ್ದು ಕುಡದಿದ್ದು ಇಡಬೇಕು. ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಇಟ್ಟಿದ್ದನ್ನ ಮೊದಲ ಯಾರ ಬಾಯಿಗೆ ಹಾಕ್ಕೋಬೇಕು ಅನ್ನೂದೂ ಗೊತ್ತೈತಿ. ಹಿರೇಮಗ. ನಾ ದಿನಾ ಸಂಜೀಕ ಒನಕಿ ಕೊಟ್ಟು ಕಾಯಾಕತ್ತೇನಿ, ನೀವು ಬುಟ್ಟ್ಯಾಗ ಸೀಸೆ ಇಟ್ಟೀರಿ! ದಾರೂಬಂದಿ ಪೊಲೀಸರು ಬಂದ್ರ ಏನ ಹೇಳ್ತೀರಿ?"

"ಹಿಡಕೊಂಡ ಹೋಗ್ಲಿ. ಎರಡ ದಿನ ರೊಟ್ಟಿ ಬಡಿಯೂದು ತಪ್ಪತೈತಿ."

"ನಗಸಬ್ಯಾಡ್ರಿ ಅತ್ತಿ. ನಾ ಇದನ್ನ ಬಚ್ಚಲಕ್ಕ ಸುರೂತೇನಿ."

"ಸುರೂ!" ಯಂಕವ್ವ ಎದ್ದು ನಿಂತಳು. ಕೈಯೆಲ್ಲ ಜೋಳದ ಹಿಟ್ಟು. "ಸಾಯೂ ಮುಂದ ಅಂವ ಏನ ಕೇಳಿದ ಗೊತ್ತೈತೇನು ನಿನಗ? ನೀರ ಕೇಳಲಿಲ್ಲ. ಮಗನ್ನ ಕೇಳಲಿಲ್ಲ. ಒಂದ ಗುಟುಕು ಕೊಡು ಯಂಕೀ ಅಂದ. ಡಾಕ್ಟರು ಬ್ಯಾಡ ಅಂದಿದ್ರು, ನಾ ಕೊಡಲಿಲ್ಲ. ಮುಂಜಾನಿಗೆ ಹ್ವಾದ. ಕೊಟ್ಟಿದ್ರೂ ಹೋಗ್ತಿದ್ದ. ಆಗರೆ ಕೊಡಲಿಲ್ಲ, ಮೊದಲ್ನೇ ಎಡಿಗೂ ಕೊಡಲಿಲ್ಲಂದ್ರ ಅಂವ ಬಾಗಲ ಹೊಚ್ಚಲದಾಚೆ ನಿಂತ ಬಿಡ್ತಾನ."

ಮಗ್ಗದ ಸದ್ದು ಆಗಲೇ ನಿಂತಿತ್ತು. ಬೀರಪ್ಪ ನಡುಮನೆಯ ಕಂಬದ ಹತ್ತಿರ ಬಂದು ನಿಂತಿದ್ದ. ಅವನ ಕಣ್ಣು ಸೀಸೆಯ ಮೇಲಿತ್ತು. ಅದನ್ನು ಅವನು ಪ್ರಯತ್ನ ಮಾಡಿ ತಾಯಿಯ ಕಡೆಗೆ ತಿರುಗಿಸಿದ.

"ಅದು ಮನಿಗೆ ಬಂದಾಗಿಂದ ನನಗ ಗೊತ್ತೈತಿ," ಎಂದ. "ಉಣ್ಣಿ ವಾಸನಿ, ಗಂಜಿ ವಾಸನಿ ಎಲ್ಲಾ ದಾಟಿ ಬರ್ತೈತಿ ಅದು. ನಿನ್ನೆ ಬುಟ್ಟಿ ತನಕ ಹೋಗಿದ್ದೆ."

ಕರೆವ್ವ ಸೀಸೆಯನ್ನು ಬೆನ್ನ ಹಿಂದೆ ಹಿಡಿದಳು.

"ಮುಟ್ಟಿಲ್ಲ. ಆದ್ರ ಇವತ್ತೂ ಹಂಗ ಅಂತ ಹೇಳಾಕ ಆಗಂಗಿಲ್ಲ. ಅವ್ವಾ, ಎಡಿ ಇಡು. ಅಪ್ಪಗ ಬ್ಯಾಡ ಅನ್ನಂಗಿಲ್ಲ ನಾ. ಅಲ್ಲೀತನಕ ಅದನ್ನ ಮನ್ಯಾಗ ಇಡಬ್ಯಾಡ. ಮತ್ತ ನಾ ಅದನ್ನ ಬಾಯಿಗೆ ಹಾಕ್ಕೊಳ್ಳಂಗಿಲ್ಲ."

"ಹಿರೇಮಗ ಮುಟ್ಟಲಿಲ್ಲಂದ್ರ ಎಡಿ ಹಂಗ ಉಳೀತೈತೋ."

"ಉಳೀಲಿ."

"ತುಟಿಗೆ ಹಚ್ಚಿದ್ರ ಸಾಕು, ಬೀರ್ಯಾ."

"ತುಟಿಗೆ ಹಚ್ಚಿದ್ರ ಸಾಕು ಅನ್ನೂದು ನನ್ನ ತುಟಿಗೆ ಗೊತ್ತಿಲ್ಲ," ಎಂದ ಬೀರಪ್ಪ, ಮತ್ತು ಮಗ್ಗಕ್ಕೆ ಹಿಂದಿರುಗಿದ.

ಸೀಸೆ ಫಕ್ಕೀರಪ್ಪನ ಮನೆಗೆ ಹೋಯಿತು. ಅತ್ತೆ ಸೊಸೆ ಆ ದಿನ ಬೇರೆ ಬೇರೆ ಹೊತ್ತಿಗೆ ಉಂಡರು. ಬೀರಪ್ಪ ಊಟಕ್ಕೆ ಕರೆದ ಮೇಲೂ ಒನಕೆ ಬಿಡಲಿಲ್ಲ.

*

ಅಮಾವಾಸ್ಯೆಯ ಹಿಂದಿನ ದಿನ ಹೊತ್ತು ಇಳಿಯುವಾಗ ಕೊನೆಯ ಅಂಚಿನ ಹತ್ತಿರ ಮತ್ತೊಂದು ಎಳೆ ಹರಿಯಿತು. ಹೊಳೆವ್ವ ಎದ್ದು ಬಂದಳು. ಬೀರಪ್ಪ, "ತಡಿ," ಎಂದ. ಉಸಿರು ಹಿಡಿದು ಎರಡು ತುದಿಗಳನ್ನು ಉಗುರಿನ ಮೇಲೆ ಹೊಸೆದ. ಜಾರಿತು. ಮತ್ತೆ ಹೊಸೆದ. ಗಂಟು ಬಿತ್ತು. ಸಣ್ಣದೇನಲ್ಲ, ಆದರೆ ಹಣಿಗೆಯನ್ನು ದಾಟಿತು. ಕಂಬಳಿ ಕೆಳಗಿಳಿಯಿತು. ಬಿಚ್ಚಿ ನೋಡಿದರೆ ಶುರುವಿನ ಕಡೆ ನೇಯ್ಗೆ ಸಡಿಲ, ಕೊನೆಯ ಕಡೆ ಬಿಗಿ.

ಯಂಕವ್ವ ಸಡಿಲಾದ ಕಡೆ ಬೆರಳಾಡಿಸಿ, "ಈ ಕಡೆ ಗ್ವಾಡಿಗೆ ಬರೂ ಹಂಗ ಹಾಸೂನು," ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆಯಿಂದ ಮನೆ ಸಾರಿಸಿ, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ ಆಯಿತು. ನಡುಮನೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿ ಹೊಸ ಧೋತರ ಸುತ್ತಿದ ಚರಿಗೆ ಇಟ್ಟರು. ಅದೇ ಗುಡ್ಡಪ್ಪ. ಮುಂದೆ ಬಾಳೆಲೆಯ ತುಂಬ ಎಡೆ, ಪಕ್ಕಕ್ಕೆ ತಂಬಾಕು, ಎಲೆ ಅಡಿಕೆ, ಅವನದೇ ಹಿತ್ತಾಳೆಯ ಬಟ್ಟಲು. ಫಕ್ಕೀರಪ್ಪ ಸೀಸೆ ತಂದು ಬಟ್ಟಲಿಗೆ ಸುರಿದ. ವಾಸನೆ ಊದಿನಕಡ್ಡಿಯ ಹೊಗೆಯನ್ನು ಸರಿಸಿಕೊಂಡು ನಡುಮನೆ ತುಂಬಿತು. ಬೀರಪ್ಪ ನೀರು ಬಿಟ್ಟು ಕೈ ಮುಗಿದ. ಎಲ್ಲರೂ ಹೊರಗೆ ಬಂದರು. ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವ ಹೊತ್ತು ಅದು, ಯಾರೂ ಒಳಗೆ ಇರಬಾರದು.

ಕಟ್ಟೆಯ ಮೇಲೆ ದಾಯಾದಿಗಳೆಲ್ಲ ಕೂತರು. ಬೀರಪ್ಪ ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಕೂತ. ಕರೆವ್ವ ಅವನ ಎದುರಿಗೆ, ಅವನ ಕೈ ಕಾಣುವ ಹಾಗೆ.

ಬಾಗಿಲು ತೆರೆದಾಗ ಎಲ್ಲವೂ ಇಟ್ಟ ಹಾಗೇ ಇತ್ತು. ಬೀರಪ್ಪ ಎಡೆಯ ಮುಂದೆ ಕೂತು ಹೋಳಿಗೆಯ ಚೂರು ಬಾಯಿಗೆ ಹಾಕಿಕೊಂಡ. ಅನ್ನ ಮುಟ್ಟಿದ. ಪಲ್ಯ ಮುಟ್ಟಿದ. ಕೈ ಅಲ್ಲಿಗೆ ನಿಂತಿತು.

"ಬಟ್ಟಲಾ," ಎಂದ ಫಕ್ಕೀರಪ್ಪ.

"ಇಲ್ಲ ಕಾಕಾ."

"ಇಲ್ಲಂದ್ರ? ಹಿರ್ಯಾರ ಪಾಲೋ ಅದು, ಶೆರಿ ಅಲ್ಲ. ಒಂದ ಹನಿ. ನಿಮ್ಮಪ್ಪ ನಿನಗ ಕೈಯ್ಯಾರೆ ಕುಡಿಸ್ಯಾನ, ಅಂವಗ ಇಷ್ಟ ಮಾಡಾಕ ಆಗಂಗಿಲ್ಲೇನು?"

"ಅಂವ ಕುಡಿಸಿದ್ದನ್ನ ಕುಡದ ಕುಡದ ಅವನ ಗದ್ದಿಗಿ ಕಂಬಳಿ ಕಡದ ಹಾಕಿದೆ ಕಾಕಾ. ಎರಡ್ನೇ ಸಲಾ ನೇದೇನಿ. ಮೂರ್ನೇದು ನನ್ನ ಕೈಲೆ ಆಗಂಗಿಲ್ಲ."

"ಎಡಿ ತುಂಬಂಗಿಲ್ಲ! ಈ ಮಂದಿ ಊಟಕ್ಕ ಹೆಂಗ ಏಳಬೇಕು?"

ಬಾಗಿಲಲ್ಲಿ ನಿಂತ ದಾಯಾದಿಗಳು ಗುಸುಗುಸು ಎಂದರು. ಗುದ್ಲೆಪ್ಪ ಮುಂದೆ ಬಂದು, "ನಾ ತಗೋತೇನಿ," ಎಂದ. ಫಕ್ಕೀರಪ್ಪ ಅವನನ್ನು ಕೈಯಿಂದ ತಡೆದ. "ಹಿರೇಮಗ ಬದುಕಿದ್ದಾಗ ಕಿರೇಮಗ ಮುಟ್ಟೂ ಪದ್ಧತಿ ಇಲ್ಲ."

ಬೀರಪ್ಪ ಬಟ್ಟಲನ್ನು ದೂರ ಸರಿಸಲು ಕೈ ಹಾಕಿದ. ಬೆರಳು ಹಿತ್ತಾಳೆಯ ಅಂಚನ್ನು ಹಿಡಿಯಿತು, ಆದರೆ ಸರಿಸಲಿಲ್ಲ. ಹಾಗೇ ಹಿಡಿದುಕೊಂಡಿತು. ಬಟ್ಟಲೊಳಗಿನದು ಸಣ್ಣಗೆ ಅಲೆಯೆದ್ದು ಅಂಚಿಗೆ ಬಂದು ಹೋಗುತ್ತಿತ್ತು. ಕರೆವ್ವ ಒಂದು ಹೆಜ್ಜೆ ಮುಂದಿಟ್ಟಳು. ಅವಳಿಗಿಂತ ಮೊದಲು ಯಂಕವ್ವ ಅವನ ಪಕ್ಕದಲ್ಲಿ ಕೂತಿದ್ದಳು. ಅವಳು ಮಗನ ಮುಖ ನೋಡಲಿಲ್ಲ, ಕೈ ನೋಡಿದಳು. ಒಂದೊಂದಾಗಿ ಬೆರಳು ಬಿಡಿಸಿ ಬಟ್ಟಲನ್ನು ತನ್ನ ಕೈಗೆ ತೆಗೆದುಕೊಂಡಳು.

"ಏ ಅತ್ತಿಗೆವ್ವಾ," ಎಂದ ಫಕ್ಕೀರಪ್ಪ, "ಹೆಂಗಸರು ಎಡಿ ಮುಟ್ಟೂದಲ್ಲ."

"ಲಗ್ನ ಆದ ದಿನದಿಂದ ಅಂವ ಉಂಡ ತಾಟಿನ್ಯಾಗ ಉಂಡೇನಿ," ಎಂದಳು ಯಂಕವ್ವ. "ಅಂವ ಬಿಟ್ಟ ತುತ್ತ ನನಗ. ಅಂವ ಬಿಟ್ಟ ಪಲ್ಯ ನನಗ. ಯಾರೂ ಅಡ್ಡ ಬರಲಿಲ್ಲ. ಈ ಬಟ್ಟಲಕ್ಕ ಮಾತ್ರ ನನಗ ಹಕ್ಕಿಲ್ಲೇನು? ಈಗರೆ ಅಂವ ಬಂದ ಕುಡದ ಹೋಗ್ಯಾನ. ಉಳದದ್ದು ನನ್ನ ಪಾಲು."

ಯಾರಾದರೂ ತಡೆಯುವ ಮೊದಲೇ ಅವಳು ಬಟ್ಟಲನ್ನು ಬಾಯಿಗೆತ್ತಿ ತಳ ಕಾಣುವವರೆಗೆ ಕುಡಿದಳು. ಕೆಮ್ಮು ಹತ್ತಿತು. ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು, ಧೋತರ ಸುತ್ತಿದ ಚರಿಗೆಯನ್ನು ದಿಟ್ಟಿಸಿ ನೋಡಿದಳು.

"ಥೂ! ಇದಕ್ಕನ ನನ್ನ 'ತಡಿ, ಬಂದೆ' ಅಂತ ಕುಂಡ್ರಿಸಿ ಹೋಗ್ತಿದ್ದಿಯೇನ ನೀನು?"

ಮೊದಲು ನಕ್ಕವಳು ಹೊಳೆವ್ವ. ಆಮೇಲೆ ಗುದ್ಲೆಪ್ಪ. ಆಮೇಲೆ ಬಾಗಿಲಲ್ಲಿದ್ದವರೆಲ್ಲ. ಫಕ್ಕೀರಪ್ಪನೊಬ್ಬ ಮೀಸೆ ಮುಟ್ಟಿಕೊಳ್ಳುತ್ತ ನಿಂತಿದ್ದ.

"ಎಡಿ ತುಂಬಿತು," ಎಂದಳು ಯಂಕವ್ವ. "ಫಕ್ಕೀರಪ್ಪಾ, ಎಲಿ ಹಾಕ್ಸು. ಕರೆವ್ವಾ, ತುಪ್ಪ ತಾ."

*

ಪಂಕ್ತಿ ಮುಗಿಯುವ ಹೊತ್ತಿಗೆ ಅವಳಿಗೆ ನಿಲ್ಲಲು ಆಗಲಿಲ್ಲ. ಬೀರಪ್ಪ ಗದ್ದಿಗೆಯ ಚರಿಗೆಯನ್ನು ಗೂಡಿಗೆ ಎತ್ತಿಟ್ಟು, ಅದೇ ಕಂಬಳಿಯ ಮೇಲೆ ತಾಯಿಯನ್ನು ಮಲಗಿಸಿದ. ಬೆಲ್ಲದ ನೀರು ಮಾಡಿ ತಂದು ತಲೆ ಎತ್ತಿ ಹಿಡಿದು ಕುಡಿಸಿದ. ಬಟ್ಟಲು ಅವಳ ಹಲ್ಲಿಗೆ ತಾಗಲಿಲ್ಲ.

"ಮನಿ ತಿರಗಾಕತ್ತೈತೋ ಬೀರ್ಯಾ."

"ಗೊತ್ತೈತಿ. ಕಣ್ಣ ಮುಚ್ಚಬ್ಯಾಡ, ಇನ್ನೂ ಜೋರ ತಿರಗ್ತೈತಿ. ಜಂತಿ ನೋಡು."

ಅವಳು ಜಂತಿ ನೋಡಿದಳು. "ನಿನಗ ಇನ್ನೂ ಬೇಕನಸ್ತೈತೇನು?" ಎಂದಳು.

"ಅನಸ್ತೈತಿ."

"ಇಷ್ಟ ಆದ ಮ್ಯಾಲೂ?"

"ಹೂಂ. ಈ ಬಟ್ಟಲಾ ತೊಳೀಬೇಕಾದ್ರ ಮೂಸಿ ನೋಡಿದೆ."

ಯಂಕವ್ವ ಬಯ್ಯಲಿಲ್ಲ. "ಅನಸಿದಾಗ ನನ್ನ ಎಬ್ಬಸು," ಎಂದಳು.

"ಎಬ್ಬಿಸಿ?"

"ಎಬ್ಬಸು. ಎದ್ದ ಮ್ಯಾಲ ನೋಡೂನು."

ಅವಳಿಗೆ ನಿದ್ದೆ ಹತ್ತಿತು. ಹೊತ್ತು ಇಳಿಯಿತು. ಕುರಿ ಒಳಗೆ ಬಂದವು. ಕರೆವ್ವ ಗೂಡಿನ ದೀಪ ಹಚ್ಚಿದಳು. ಬೀರಪ್ಪ ಎದ್ದು ನಿಂತ, ಬಾಗಿಲಿಗೆ ಹೋದ, ಕೆರೆಯ ಕಡೆಯ ದಾರಿಯನ್ನು ನೋಡುತ್ತ ಕದ ಹಿಡಿದುಕೊಂಡು ನಿಂತ. ಒರಳಿನ ಹತ್ತಿರ ಹೋದ, ಚೀಲ ಬರಿದಾಗಿತ್ತು. ಕರೆವ್ವ ದೀಪದ ಮುಂದಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ನಡುಮನೆಗೆ ಬಂದು ಬಗ್ಗಿ ತಾಯಿಯ ಭುಜ ಅಲುಗಿಸಿದ.

"ಅವ್ವಾ."

ಯಂಕವ್ವ ತಲೆ ಹಿಡಿದುಕೊಂಡು ಎದ್ದು ಕೂತಳು. ಯಾಕೆ ಎಂದು ಕೇಳಲಿಲ್ಲ.

"ಕರೆವ್ವಾ, ಹುಣಸಿ ಬೀಜ ತಾ."

"ಎಲ್ಲಾ ಕುಟ್ಟಿ ಮುಗದಾವ್ರಿ ಅತ್ತಿ."

"ಹಂಗಾರ ಉಣ್ಣಿ ತಾ."

"ಅಮಾಸಿ ದಿನ ಉಣ್ಣಿ ಮುಟ್ತಾರೇನ್ರಿ?"

"ಇವತ್ತ ನಾ ಏನೇನೋ ಮುಟ್ಟೇನಿ. ಅದರಾಗ ಇದೊಂದು."

ಕರೆವ್ವ ಉಣ್ಣೆಯ ಬುಟ್ಟಿ ತಂದು ಇಬ್ಬರ ನಡುವೆ ಇಟ್ಟಳು. ಯಂಕವ್ವ ಒಂದು ಹಿಡಿ ತೆಗೆದು ಮಗನ ಕೈಗೆ ತುರುಕಿದಳು.

"ತೆಳ್ಳಗ ಹಿಂಜು," ಎಂದಳು. "ಗಂಟ ಉಳಿಸಬ್ಯಾಡ."